ಏಡಿಯ ಸಾಸಿವೆ

ಡೆಲ್ಬರ್ಟ್ ಇನ್ಸ್ಲಿ ದೋಣಿ ಎಂಜಿನ್ ರಿಪೇರಿಯಲ್ಲಿ ಎತ್ತಿದ ಕೈ. ಜೂಜಿಲ್ಲ, ಜಗಳವಿಲ್ಲ, ಭಾನುವಾರದ ಚರ್ಚು ತಪ್ಪಿಸಿದವನಲ್ಲ. ಇಷ್ಟಿದ್ದೂ ಅವನ ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಾರಣ ಒಂದೇ. ಅವನಿಗೆ ಏಡಿ ಸೇರುತ್ತಿರಲಿಲ್ಲ.

ಅಮೆರಿಕದ ಚೆಸಪೀಕ್ ಕೊಲ್ಲಿಯ ಪೂರ್ವದಡದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಜೈಲಿಗೆ ಹೋಗಿಬಂದವನನ್ನೂ ಕರೆದು ಕೂರಿಸಿ ಉಣಬಡಿಸುತ್ತಾರೆ. ಹೆಂಡತಿಯನ್ನು ಬಿಟ್ಟು ಓಡಿಹೋದವನು ಎಷ್ಟೋ ವರ್ಷದ ಮೇಲೆ ಮರಳಿದರೆ, ‘ಪಾಪ, ಇಳಿದುಹೋಗಿದ್ದಾನೆ’ ಎಂದು ಮರುಗುತ್ತಾರೆ. ಏಡಿ ಬೇಡವೆಂದವನನ್ನು ಮಾತ್ರ ‘ಬಂದವನು’ ಎಂದುಬಿಡುತ್ತಾರೆ. ಆ ಊರಲ್ಲಿ ಜನ ಎರಡೇ ಬಗೆ, ಇಲ್ಲಿಯವನು ಮತ್ತು ಬಂದವನು. ಡೆಲ್ಬರ್ಟ್‌ನ ತಾತ ಮುತ್ತಾತಂದಿರೆಲ್ಲ ಅದೇ ಚರ್ಚಿನ ಹಿತ್ತಲಲ್ಲಿ ಮಲಗಿದ್ದರು. ಆದರೆ ಏಡಿಯ ಮುಂದೆ ಗೋರಿಗಳ ಸಾಕ್ಷಿ ಯಾರಿಗೆ ಬೇಕು?

ಅವನ ತಕರಾರು ನಿಜಕ್ಕೂ ಸಾಸಿವೆಯ ಮೇಲೆ. ಬೆಂದ ಏಡಿಯ ಬೆನ್ನಚಿಪ್ಪು ಕಿತ್ತರೆ ಒಳಗೆ ಹಳದಿಯಾಗಿ ಮೆತ್ತಿಕೊಂಡಿರುವುದನ್ನು ಅಲ್ಲಿನವರು ಸಾಸಿವೆ ಎನ್ನುತ್ತಾರೆ. ನಮ್ಮ ಒಗ್ಗರಣೆಯ ಸಾಸಿವೆಗೂ ಅದಕ್ಕೂ ಜನ್ಮದಲ್ಲಿ ಸಂಬಂಧವಿಲ್ಲ, ಬಣ್ಣ ನೋಡಿ ಇಟ್ಟ ಹೆಸರು. ಚಳಿಗಾಲಕ್ಕೆ ಮುಂಚೆ ಕೊಲ್ಲಿಯ ಏಡಿ ಕೊಬ್ಬಿದಾಗ ಚಿಪ್ಪಿನ ತುಂಬ ಅದೇ. ಊರಿನವರು ಬೆರಳಲ್ಲಿ ತೆಗೆದು, ಕಣ್ಣು ಮುಚ್ಚಿ ನೆಕ್ಕುತ್ತಾರೆ. ಡೆಲ್ಬರ್ಟ್‌ಗೆ ಆ ಕಹಿ, ಆ ಕೆಸರು ವಾಸನೆ ಮೂಗಿಗೆ ಬಡಿದರೇ ಹೊಟ್ಟೆ ತೊಳಸುತ್ತಿತ್ತು.

ಇಂಥವನು ಹೋಗಿ ಹೋಗಿ ಮನಸ್ಸು ಕೊಟ್ಟದ್ದು ನೊರೀನ್‌ಗೆ. ಅವಳಪ್ಪ ಕ್ಯಾಪ್ಟನ್ ಆರ್ವಿಲ್ ಬ್ರಾಡ್‌ಶಾ ಊರಿನ ದೊಡ್ಡ ಏಡಿ ಹೋಟೆಲಿನ ಯಜಮಾನ. ದೋಣಿ ಮಾರಿ ಎಷ್ಟು ಕಾಲವಾಗಿದ್ದರೂ ಕ್ಯಾಪ್ಟನ್ ಎಂಬ ಪದವಿಯನ್ನು ಮಾರಿರಲಿಲ್ಲ. ಹೋಟೆಲಿನ ನೆತ್ತಿಯ ಮೇಲೆ ‘ನಮ್ಮ ಕೊಲ್ಲಿಯ ಏಡಿ ಮಾತ್ರ’ ಎಂಬ ಬೋರ್ಡು. ಚಳಿಯೇ ಕಾಣದ ದೂರದ ಲೂಸಿಯಾನದಿಂದ ಲಾರಿಯಲ್ಲಿ ಏಡಿ ತರಿಸುವ ಹೋಟೆಲುಗಳನ್ನು ಬಯ್ಯದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಅವನ ಮನೆಯ ಅಳಿಯನಾಗುವವನು ಮೊದಲು ಮನೆಮಂದಿಯ ಮೇಜಿನಲ್ಲಿ ಕೂತು ಸಾಸಿವೆ ನೆಕ್ಕಬೇಕು. ಡೆಲ್ಬರ್ಟ್ ಹಲ್ಲುನೋವು, ಹೊಟ್ಟೆನೋವು, ಚಿಕ್ಕಮ್ಮನ ಸಾವು ಎಲ್ಲ ಹೇಳಿ ಮುಗಿಸಿದ್ದ. ಚಿಕ್ಕಮ್ಮ ಗಟ್ಟಿಮುಟ್ಟಾಗಿದ್ದಳು.

“ನೋಡು, ಈ ಭಾನುವಾರ ನೀನು ಬರ್ಲಿಲ್ಲ ಅಂದ್ರೆ ಮುಂದಿನ ಭಾನುವಾರ ಆ ಇನ್ಶೂರೆನ್ಸ್ ಏಜೆಂಟ್ ಬರ್ತಾನೆ,” ಎಂದಳು ನೊರೀನ್. “ಅವನು ಚಿಪ್ಪು ಸಮೇತ ತಿಂತಾನಂತೆ. ಅಪ್ಪ ಆಗ್ಲೇ ಹಲ್ಕಿರೀತಾ ಇದಾರೆ.”

“ವಾಂತಿ ಆದ್ರೆ?”

“ನುಂಗ್ಕೋ.”

ಅದು ಅಕ್ಟೋಬರ್. ವಾರದಿಂದ ಬಿರುಗಾಳಿ ಬೀಸಿ ಊರಿನ ದೋಣಿಗಳೆಲ್ಲ ದಡಕ್ಕೆ ಕಟ್ಟಿಬಿದ್ದಿದ್ದವು. ಒಂದೂ ನೀರಿಗಿಳಿದಿರಲಿಲ್ಲ. ಆದರೂ ಆ ಭಾನುವಾರ ಕ್ಯಾಪ್ಟನ್ನನ ಹೋಟೆಲಿನಲ್ಲಿ ಏಡಿಗೇನೂ ಬರವಿರಲಿಲ್ಲ. ಎಲ್ಲಿಂದ ಬಂತೆಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಹಸಿದವರಿಗೆ ಅಷ್ಟೆಲ್ಲ ಯೋಚನೆ ಎಲ್ಲಿಂದ ಬರಬೇಕು?

ಮೇಜುಗಳ ಮೇಲೆ ಕಂದು ಕಾಗದ ಹಾಸಿ, ಕೆಂಪು ಮಸಾಲೆ ಮೆತ್ತಿದ ಬಿಸಿ ಏಡಿಗಳನ್ನು ರಾಶಿ ಸುರಿದರು. ಚಿಪ್ಪು ಒಡೆಯುವ ಮರದ ಸುತ್ತಿಗೆಗಳ ಸದ್ದು ಶುರುವಾಯಿತು. ಪಕ್ಕದ ಮೇಜಿನಲ್ಲಿದ್ದ ಪಾದ್ರಿ ಎದ್ದುನಿಂತು, ಈ ಕೊಲ್ಲಿಯನ್ನೂ ಇದರ ಏಡಿಯನ್ನೂ ಕೊಟ್ಟ ದೇವರಿಗೆ ವಂದನೆ ಹೇಳಿದ. ಏಡಿಯ ಕಾಲೊಂದನ್ನು ಬಾಯಿಗಿಟ್ಟು, “ಆಹಾ! ಈ ರುಚಿ ಬೇರೆ ಯಾವ ನೀರಿಗೂ ಬರಲ್ಲ,” ಎಂದು ಕಣ್ಣು ಮುಚ್ಚಿದ. ಸುತ್ತಲಿನವರೂ ಕಣ್ಣು ಮುಚ್ಚಿದರು.

ಮನೆಮಂದಿಯ ಮೇಜಿನಲ್ಲಿ ಡೆಲ್ಬರ್ಟ್‌ಗೆ ಎದುರಾಗಿ ಕ್ಯಾಪ್ಟನ್ನನ ತಾಯಿ ಹೆಸ್ಟರ್ ಅಜ್ಜಿ ಕೂತಿದ್ದಳು. ಹಲ್ಲು ಹೋಗಿದ್ದರಿಂದ ನೊರೀನ್ ಬಿಡಿಸಿಕೊಡುವುದಕ್ಕೆ ಕಾಯುತ್ತಿದ್ದಳು. ಕ್ಯಾಪ್ಟನ್ ದೊಡ್ಡದೊಂದು ಏಡಿ ಎತ್ತಿ ಅವನ ಮುಂದಿಟ್ಟ.

“ಹೂಂ, ಬಿಚ್ಚೋ. ಇವತ್ತು ಗೊತ್ತಾಗ್ಲಿ, ನೀನು ಇಲ್ಲಿಯವನೋ ಬಂದವನೋ.”

ಡೆಲ್ಬರ್ಟ್ ಮನಸ್ಸು ಗಟ್ಟಿಮಾಡಿ ಚಿಪ್ಪು ಕಿತ್ತ. ಮೂಗಿಗೆ ಬಡಿಯಬೇಕಾದದ್ದು ಬಡಿಯಲಿಲ್ಲ. ಒಳಗೆ ಹಳದಿಯ ಸುಳಿವಿಲ್ಲ, ಬರೀ ಬಿಳಿ ಮಾಂಸ. ಹೆದರುತ್ತಲೇ ಬಾಯಿಗಿಟ್ಟ. ಸಿಹಿಯಾಗಿತ್ತು! ಇನ್ನೊಂದು ಬಿಚ್ಚಿದ. ಮತ್ತೊಂದಕ್ಕೆ ತಾನೇ ಕೈಚಾಚಿದ. ಇಷ್ಟು ದಿನ ಸುಮ್ಮನೆ ಹೆದರಿ ಸತ್ತೆನಲ್ಲ ಎಂದು ಅವನಿಗೆ ಅಳುವಷ್ಟು ಸಂತೋಷವಾಯಿತು. ನೊರೀನ್ ಮೇಜಿನ ಕೆಳಗೆ ಅವನ ಮಂಡಿ ಹಿಂಡಿದಳು.

ಕ್ಯಾಪ್ಟನ್ ಎದೆಯುಬ್ಬಿಸಿ ಹೋಟೆಲಿಗೆಲ್ಲ ಕೇಳುವಂತೆ ಕೂಗಿದ. “ಹೇಗಿದೆ ಮಗಾ? ಜೋರಾಗಿ ಹೇಳು!”

ಖುಷಿಯಲ್ಲಿ ಮನುಷ್ಯನ ನಾಲಿಗೆಗೆ ಬೀಗವಿರುವುದಿಲ್ಲ. “ಸತ್ಯವಾಗ್ಲೂ ಹೇಳ್ತೀನಿ ಕ್ಯಾಪ್ಟನ್, ಜನ್ಮದಲ್ಲಿ ಇಂಥ ಏಡಿ ತಿಂದಿಲ್ಲ. ಆ ಹಾಳು ಸಾಸಿವೆ ಒಂಚೂರೂ ಇಲ್ಲ!”

ಸುತ್ತಿಗೆಗಳು ನಿಂತವು. ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಚಿಪ್ಪಿನೊಳಗೆ ಇಣುಕಿದರು. ಪಾದ್ರಿ ತನ್ನ ಚಿಪ್ಪನ್ನು ದೀಪಕ್ಕೆ ಹಿಡಿದು ನೋಡಿ, ಸದ್ದಿಲ್ಲದೆ ಕೆಳಗಿಟ್ಟ.

“ಆರ್ವಿಲ್,” ಎಂದಳು ಅಜ್ಜಿ. “ಅಕ್ಟೋಬರಲ್ಲಿ ಸಾಸಿವೆ ಇಲ್ದಿರೋ ಏಡಿ ಯಾವ ಕೊಲ್ಲೀದು?”

“ಅಮ್ಮಾ, ಗಾಳಿ ಇತ್ತಲ್ಲ... ದೋಣಿ...”

“ಲಾರಿಗೆ ಗಾಳಿ ತಗಲಲ್ವೇನೋ?”

ಕ್ಯಾಪ್ಟನ್ನನ ಮುಖ ಬೆಂದ ಏಡಿಗಿಂತ ಕೆಂಪಾಯಿತು. ಆದರೆ ಅವನು ಅಷ್ಟು ಸುಲಭಕ್ಕೆ ಮಣಿಯುವ ಆಸಾಮಿಯಲ್ಲ. ಎದ್ದು ಡೆಲ್ಬರ್ಟ್‌ನತ್ತ ಬೆರಳು ತೋರಿಸಿದ. “ಲಾರಿ ಮಾತು ಆಮೇಲೆ! ಕೇಳಿದ್ರಲ್ಲ ಎಲ್ಲಾರೂ? ಸಾಸಿವೆ ಹಾಳಂತೆ! ಇವನು ಇಲ್ಲಿಯವನಾ?”

ಹೋಟೆಲಿಗೆ ಹೋಟೆಲೇ ನಿಟ್ಟುಸಿರು ಬಿಟ್ಟಿತು. ಲೂಸಿಯಾನದ ಏಡಿಯನ್ನು ಕೊಲ್ಲಿಯದೆಂದು ಹೊಗಳಿ ತಿಂದ ನಾಚಿಕೆಗಿಂತ, ಒಬ್ಬನನ್ನು ಹಿಡಿದು ಬಂದವನು ಎನ್ನುವುದು ಹಗುರ. “ನಂಗೆ ಮೊದ್ಲೇ ಅನುಮಾನ ಇತ್ತು,” ಎಂದ ಪಾದ್ರಿ. ಡೆಲ್ಬರ್ಟ್ ಎದ್ದುನಿಂತ. ನೊರೀನ್ ಅವನ ತೋಳು ಹಿಡಿದು ತಾನೂ ಎದ್ದಳು.

“ಕೂತ್ಕೊಳ್ರೋ,” ಎಂದಳು ಅಜ್ಜಿ. “ಊರೆಲ್ಲ ಕಣ್ಮುಚ್ಕೊಂಡು ತಿಂತು. ಕಂಡುಹಿಡಿದಿದ್ದು ಇವನೊಬ್ಬ. ಇವನು ಮುಖ ಹಿಂಡಿದ್ರೆ ಏಡಿ ನಮ್ದು, ಹಲ್ಕಿರಿದ್ರೆ ಲಾರೀದು. ಇಂಥ ಅಳಿಯನ್ನ ಬಿಟ್ಟು ಆ ಏಜೆಂಟನ್ನ ತಂದ್ಕೋತೀಯೇನೋ, ಪೆದ್ದ?”

ಅಜ್ಜಿಯ ಮಾತೇ ನಡೆಯಿತು. ಮದುವೆಯಾಯಿತು. ಬೋರ್ಡಿನಲ್ಲಿ ಹೊಸದೊಂದು ಸಾಲು ಸೇರಿತು: ‘ನಮ್ಮ ಕೊಲ್ಲಿಯ ಏಡಿ ಮಾತ್ರ, ಡೆಲ್ಬರ್ಟ್‌ನ ಮುಖದಾಣೆ’. ದಿನಾ ಬಾಗಿಲು ತೆರೆಯುತ್ತಲೇ ಅವನು ಗಿರಾಕಿಗಳ ಮುಂದೆ ನಿಂತು ಮೊದಲ ಏಡಿಯನ್ನು ಬಿಚ್ಚಿ ಸಾಸಿವೆ ನೆಕ್ಕಬೇಕು. ಅವನ ಮುಖ ಹಿಂಡಿದ ಬಟ್ಟೆಯಂತಾಗುತ್ತಿದ್ದಂತೆ ಜನ ಚಪ್ಪಾಳೆ ತಟ್ಟಿ ಮೇಜು ಹಿಡಿಯುತ್ತಿದ್ದರು. ಪ್ರೀತಿಗಾಗಿ ಅವನು ಅದನ್ನೂ ನುಂಗಿದ.

ಮರುವರ್ಷ ಮತ್ತೆ ಬಿರುಗಾಳಿ ಬೀಸಿ ದೋಣಿಗಳು ದಡ ಕಚ್ಚಿದವು. ಹೋಟೆಲಿನ ಮುಂದೆ ಜನ ನೆರೆದಿದ್ದರು. ಕ್ಯಾಪ್ಟನ್ ಅಡುಗೆಮನೆಯಲ್ಲಿ ಅಳಿಯನ ಹೆಗಲ ಮೇಲೆ ಕೈಹಾಕಿದ.

“ಹಿತ್ತಲಿಗೆ ಲಾರಿ ಬಂದಿದೆ ಮಗಾ. ಇವತ್ತೊಂದಿನ ಸ್ವಲ್ಪ ಮುಖ ಹಿಂಡ್ಬಿಡು.”

ಡೆಲ್ಬರ್ಟ್ ಬಾಗಿಲ ಸಂದಿಯಿಂದ ಹೊರಗೆ ನೋಡಿದ. ಮುಂದಿನ ಸಾಲಿನಲ್ಲೇ ಪಾದ್ರಿಯಿದ್ದ. ಡೆಲ್ಬರ್ಟ್ ಹೋಗಿ ಎಲ್ಲರೆದುರು ನಿಂತು ಏಡಿ ಬಿಚ್ಚಿದ. ಚಿಪ್ಪನ್ನು ಯಾರಿಗೂ ಕಾಣದಂತೆ ತನ್ನತ್ತ ತಿರುಗಿಸಿಕೊಂಡು, ಆ ಸಿಹಿ ಬಿಳಿ ಮಾಂಸವನ್ನು ಬಾಯಿಗಿಟ್ಟ. ಆಮೇಲೆ ಕಣ್ಣು ಕಿವುಚಿ, ತುಟಿ ಸೊಟ್ಟ ಮಾಡಿ, ವಿಷ ಕುಡಿದವನಂತೆ ಮುಖ ಹಿಂಡಿದ.

ಜನ ಹೋ ಎಂದರು. ಪಾದ್ರಿ ಓಡಿಬಂದು ಅವನನ್ನು ತಬ್ಬಿಕೊಂಡ.

“ನಾನು ಅವತ್ತೇ ಹೇಳಿರ್ಲಿಲ್ವಾ? ಇವನು ಇಲ್ಲಿಯವನೇ!”