ಹೆಡ್‌ಮೇಡಂ ಹಿಂದೆ ಹನ್ನೊಂದು ಆಡು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವರು ಆಡನ್ನು ಮನೆಯೊಳಗೆ ಇಟ್ಟುಕೊಂಡವರಲ್ಲ. ಇಟ್ಟುಕೊಂಡಿದ್ದರೆ ಬರೀ ಸೊಪ್ಪಿಗೇ ಮಾತು ನಿಲ್ಲಿಸುತ್ತಿರಲಿಲ್ಲ. ಸೊಸೆಯ ನಡುಮನೆಯಲ್ಲಿ ಎರಡೂವರೆ ತಿಂಗಳಿಂದ ಹನ್ನೊಂದು ಆಡುಗಳು ಬೀಡುಬಿಟ್ಟಿದ್ದವು. ಅಷ್ಟರಲ್ಲಿ ಅವು ಕ್ಯಾಲೆಂಡರಿನಲ್ಲಿ ಇನ್ನೂ ಬರಬೇಕಿದ್ದ ತಿಂಗಳುಗಳನ್ನೆಲ್ಲ ತಿಂದಿದ್ದವು, ಎರಡು ದಿಂಬುಗಳ ಹತ್ತಿ ತೆಗೆದಿದ್ದವು, ಗಂಡನ ಕಾಲುಚೀಲವೊಂದನ್ನು ನುಂಗಿ ನೀರು ಕುಡಿದಿದ್ದವು. ಬೆಂಕಿ ಪರಿಹಾರ ಸಂಘದಿಂದ ಬಂದ ನೋಟೀಸನ್ನೂ ಬಿಟ್ಟಿರಲಿಲ್ಲ. ಅದರಲ್ಲಿ ಕೆಳಗಿನ ಅರ್ಧ ಹೊಟ್ಟೆಗೆ ಹೋಗಿ ಮೇಲಿನ ಅರ್ಧ ಉಳಿದಿತ್ತು. ಓದಬೇಕಾದದ್ದೆಲ್ಲ ಇದ್ದದ್ದು ಮೇಲಿನ ಅರ್ಧದಲ್ಲೇ.

ವಿಷಯ ಇಷ್ಟು. ಬರುವ ಭಾನುವಾರ ಬೆಳಿಗ್ಗೆ ಸಂಘದ ದನದ ಡಾಕ್ಟರಮ್ಮ ಬರುತ್ತಾರೆ. ಮಳೆಗಾಲಕ್ಕೆ ಮುಂಚೆ ಆಡುಗಳು ಸರಿಯಾದ ಕೊಟ್ಟಿಗೆಯೊಳಗೆ ಇದ್ದರೆ ಸಂತೋಷ. ಇಲ್ಲದಿದ್ದರೆ ಅವನ್ನು ಗುಡ್ಡದ ಆಚೆಯ ಮೂರು ಫಾರಂಗಳಿಗೆ ಹಂಚಲಾಗುತ್ತದೆ.

ಹಂಚುವುದು ಎಂಬ ಮಾತನ್ನು ಸೊಸೆ ಮೂರು ಸಲ ಓದಿದಳು. ಹತ್ತು ವರ್ಷದ ಹಿಂದೆ ಒಂದು ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿ, ಅದರಿಂದ ಈ ಹಿಂಡು ಮಾಡಿಕೊಂಡವಳು ಅವಳು. ಯಾರ ಕೆಚ್ಚಲನ್ನು ಎಡಗೈಯಿಂದ ಶುರುಮಾಡಬೇಕು, ಯಾರು ಹಾಡು ಕೇಳದಿದ್ದರೆ ಹಾಲಿಳಿಸುವುದಿಲ್ಲ ಎಂಬುದೆಲ್ಲ ಅವಳೊಬ್ಬಳಿಗೆ ಗೊತ್ತು. ಮೂರು ಕಡೆ ಚದುರಿ ಗೊತ್ತಿಲ್ಲದ ಕೈಗಳಿಗೆ ಬಿದ್ದರೆ ವಾರದೊಳಗೆ ಬತ್ತಿಹೋಗುತ್ತವೆ. ಬತ್ತಿದ ಆಡು ಯಾರ ಮನೆಯಲ್ಲೂ ಬಹಳ ದಿನ ಉಳಿಯುವುದಿಲ್ಲ.

ಈ ಪರಿಸ್ಥಿತಿಗೆ ಕಾರಣ ಬೇಸಗೆಯಲ್ಲಿ ಗುಡ್ಡಕ್ಕೆ ಬಿದ್ದ ಬೆಂಕಿ. ಅವತ್ತು ಮಧ್ಯಾಹ್ನ ಗಂಡ ಪೇಟೆಯ ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದ, ಸೊಸೆ ಹಾಲು ಕೊಡಲು ಅದೇ ಪೇಟೆಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಬೆಂಕಿ ಕೊಟ್ಟಿಗೆ, ಬೇಲಿ, ಹುಲ್ಲಿನ ಬಣವೆ, ಅತ್ತೆಯ ಕೋಣೆ ಇಷ್ಟನ್ನೂ ಬಳಿದುಕೊಂಡು ಹೋಯಿತು. ನಡುಮನೆ ಮತ್ತು ಅಡುಗೆಮನೆಯನ್ನು ಯಾಕೆ ಬಿಟ್ಟಿತೋ ಅದಕ್ಕೇ ಗೊತ್ತು. ಸೊಸೆ ಎದ್ದೂ ಬಿದ್ದೂ ಓಡಿ ಬಂದಾಗ ಕಂಡದ್ದು ಹಳ್ಳದ ನೀರಿನಲ್ಲಿ ಮೊಣಕಾಲುದ್ದ ನಿಂತ ಅತ್ತೆ, ಅವರ ಹಿಂದೆ ಸಾಲಾಗಿ ಹನ್ನೊಂದು ಆಡುಗಳು. ಇರಬೇಕಾದದ್ದು ಹನ್ನೆರಡು. ಹಿಂಡಿನ ಮುಂದಾಳು, ಬಾಟಲಿಯಲ್ಲಿ ಬೆಳೆದ ಮೊದಲ ಮರಿ, ಎಲ್ಲರೂ ಮುದುಕಿ ಎಂದು ಕರೆಯುತ್ತಿದ್ದವಳು ಇರಲಿಲ್ಲ. ಕೊಟ್ಟಿಗೆಯಿಂದ ಹೊರಗೆ ಬರಲೊಪ್ಪಲಿಲ್ಲ, ಹಟ ಮಾಡಿತು ಎಂದರು ಅತ್ತೆ. ಮುದುಕಿ ಹಟಮಾರಿ ಹೌದು, ಸೊಸೆ ನಂಬಿದಳು.

ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಮೂವತ್ನಾಲ್ಕು ವರ್ಷ ಶಾಲೆ ನಡೆಸಿದ ಹೆಡ್‌ಮೇಡಂ. ನಿವೃತ್ತಿಯಾಗಿ ಮಗನ ಮನೆಗೆ ಬಂದು ಒಂದು ವರ್ಷವಾಗಿತ್ತು. ಆ ವರ್ಷವಿಡೀ ಆಡುಗಳ ವಾಸನೆಗೆ ಮೂಗು ಮುರಿದದ್ದೇ ಮುರಿದದ್ದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಈ ಮನೆಯಲ್ಲಿ ನಡುವೆ ಆಡುಗಳದ್ದೊಂದು ಕಾಲ ಬಂದುಬಿಟ್ಟಿತ್ತು. ಆದರೆ ಹೆಡ್‌ಮೇಡಂ ಅಷ್ಟಕ್ಕೆಲ್ಲ ಕೈಚೆಲ್ಲಿ ಕೂರುವವರಲ್ಲ. ಆಡುಗಳು ನಡುಮನೆಗೆ ಬಂದ ಮರುದಿನವೇ ಒಂದೊಂದಕ್ಕೂ ನಂಬರು ಕೊಟ್ಟರು. ಬೆಳಿಗ್ಗೆ ಸಂಜೆ ಹಾಜರಿ. ನಂಬರು ಕೂಗಿದಾಗ ಮೇ ಎಂದವರಿಗೆ ತರಕಾರಿ ಸಿಪ್ಪೆ, ಎನ್ನದವರಿಗೆ ಬೈಗುಳ. ಸಿಪ್ಪೆಯ ಆಸೆಗೆ ನಾಲ್ಕನೇ ನಂಬರು ಏಳನೆಯದಕ್ಕೂ ಸೇರಿಸಿ ಓಗೊಡುತ್ತಿತ್ತು. ಅದನ್ನು ಕಂಡುಹಿಡಿದ ದಿನ ಅತ್ತೆ ಅದನ್ನು ಅರ್ಧ ಗಂಟೆ ಬಾಗಿಲ ಹೊರಗೆ ನಿಲ್ಲಿಸಿದ್ದರು.

ಇದೆಲ್ಲದರ ಫಲವಾಗಿ ಆಡುಗಳು ಅವರ ಬಾಲವಾಗಿಬಿಟ್ಟವು. ಅತ್ತೆ ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಅಂಗಳಕ್ಕೆ ಹೋದರೆ ಅಂಗಳಕ್ಕೆ. ಸ್ನಾನಕ್ಕೆ ಹೋದರೆ ಹನ್ನೊಂದೂ ಬಚ್ಚಲಿನ ಬಾಗಿಲಲ್ಲಿ ಮೆಲುಕು ಹಾಕುತ್ತ ಕಾಯುತ್ತಿದ್ದವು. ಇದೇನು ಕರ್ಮ ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಕ್ಯಾರೆಟ್ಟಿನ ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿ ಹೆರೆಯತೊಡಗಿದ್ದನ್ನು ಸೊಸೆ ನೋಡಿಯೂ ನೋಡದಂತಿದ್ದಳು.

ಇನ್ನು ಗಂಡ. ಕೈಗಡಿಯಾರದ ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವವನ ಕೈಗೆ ಸುತ್ತಿಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಒಂದು ಕಂಬ ನೆಟ್ಟಗೆ ನಿಂತಿದೆಯೇ ಎಂದು ನೋಡಲು ಅವನಿಗೆ ಒಂದು ದಿನ ಬೇಕು. ಸುಟ್ಟ ಕೊಟ್ಟಿಗೆ ಇದ್ದ ಜಾಗದಲ್ಲೇ, ಅದೇ ಅಳತೆಗೆ, ಅದೇ ದಿಕ್ಕಿಗೆ ಬಾಗಿಲಿಟ್ಟು ಹೊಸದನ್ನು ಕಟ್ಟಿದ. ಹಳೆಯ ಬಾಗಿಲಿನ ಚಿಲಕ ತುಸು ಓರೆಯಾಗಿತ್ತು, ಅದನ್ನೂ ಹಾಗೇ ಓರೆಯಾಗಿ ಕೂರಿಸಿದ. ಹೆಂಡತಿಗೆ ಕಳೆದುಕೊಂಡದ್ದೆಲ್ಲ ಚಾಚೂ ತಪ್ಪದೆ ಮರಳಿ ಸಿಗಲಿ ಎಂಬುದು ಅವನ ಆಸೆ. ಪ್ರೀತಿ ಮಾಡುವ ತಪ್ಪುಗಳು ಹೀಗೇ ಇರುತ್ತವೆ, ಬೈಯಲೂ ಆಗುವುದಿಲ್ಲ.

ಶುಕ್ರವಾರ ಕೊನೆಯ ತಗಡು ಕೂತಿತು. ಆಡುಗಳ ಗೃಹಪ್ರವೇಶಕ್ಕೆ ಮೂವರೂ ಹೊರಟರು. ಅಂಗಳದ ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅಲ್ಲಿಂದ ಕೊಟ್ಟಿಗೆಗೆ ಇಪ್ಪತ್ತೇ ಹೆಜ್ಜೆ. ಆಡುಗಳು ಕಲ್ಲಿನವರೆಗೆ ಬಂದವು, ಅಲ್ಲಿ ನಿಂತವು. ಜಪ್ಪಯ್ಯ ಎಂದರೂ ಕದಲಲಿಲ್ಲ.

ಗಂಡ ಸೊಪ್ಪಿನ ಕಟ್ಟು ತೋರಿಸಿದ. ಕತ್ತು ಚಾಚಿ ಸೊಪ್ಪು ತಿಂದವು, ಕಾಲು ಕೀಳಲಿಲ್ಲ. ಸೊಸೆ ಜೋಳದ ಕಾಳನ್ನು ಕಲ್ಲಿನಿಂದ ಬಾಗಿಲಿನವರೆಗೆ ಸಾಲಾಗಿ ಚೆಲ್ಲಿದಳು. ಎಲ್ಲಿಂದಲೋ ಬಂದ ಗುಬ್ಬಿಗಳು ಹೊಟ್ಟೆ ತುಂಬಿಸಿಕೊಂಡವು. ಗಂಡ ಎರಡನೇ ನಂಬರನ್ನು ಹೆಗಲ ಮೇಲೆ ಹೊತ್ತು ಒಳಗೆ ಬಿಟ್ಟ. ಅವನು ಐದನೆಯದನ್ನು ಹೊರಲು ಬಗ್ಗುವಷ್ಟರಲ್ಲಿ ಎರಡನೆಯದು ಸಾಲಿನಲ್ಲಿ ತನ್ನ ಜಾಗಕ್ಕೆ ಬಂದು ನಿಂತಿತ್ತು. ಬಾಗಿಲು ಒಂದಿಂಚು ಕಿರಿದಾಗಿರಬೇಕು ಎಂದು ಗಂಡನಿಗೆ ಅನುಮಾನ ಹತ್ತಿತು. ಅನುಮಾನ ಹತ್ತಿದ ಮೇಲೆ ಅವನನ್ನು ಹಿಡಿಯುವವರಿಲ್ಲ, ಟೇಪು ತೆಗೆದುಕೊಂಡು ಅಳೆಯುತ್ತ ಕೂತ.

ಶನಿವಾರ ಬೆಳಿಗ್ಗೆ ಮತ್ತದೇ ಕತೆ. ಆದರೆ ಆ ಸಲ ಸೊಸೆ ಆಡುಗಳನ್ನು ಬಿಟ್ಟು ಆಡುಗಳು ನೋಡುತ್ತಿದ್ದದ್ದನ್ನು ನೋಡಿದಳು. ಅವು ನೋಡುತ್ತಿದ್ದದ್ದು ಅತ್ತೆಯನ್ನು. ಸಾಲಿನ ಮುಂದೆ ನಡೆದು ಬಂದ ಅತ್ತೆ ಕಲ್ಲಿನ ಹತ್ತಿರ ಬಂದೊಡನೆ ಕೈಕಟ್ಟಿ ನಿಂತುಬಿಡುತ್ತಿದ್ದರು. ಅವರು ನಿಂತರು, ಇವು ನಿಂತವು. ನಿನ್ನೆಯೂ ಹಾಗೇ ಆಗಿತ್ತು. ಯೋಚಿಸಿದರೆ ಬೆಂಕಿ ಬಿದ್ದ ದಿನದಿಂದ ಈಚೆಗೆ ಅತ್ತೆ ಆ ಕಲ್ಲನ್ನು ದಾಟಿದ್ದನ್ನು ಸೊಸೆ ಕಂಡೇ ಇರಲಿಲ್ಲ.

ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಾಗ ಅವಳು ಮೆಲ್ಲಗೆ ಮಾತು ತೆಗೆದಳು.

“ಅತ್ತೆ, ನೀವು ಒಂದ್ಸಲ ಒಳಗೆ ಹೋಗಿ ಬಂದ್ರೆ ಸಾಕು. ಅವೂ ಹೋಗ್ತವೆ.”

“ನನಗೆ ಮಂಡಿನೋವು.”

“ಕಲ್ಲಿನ ತನಕ ಬರೋ ಮಂಡಿ ಇನ್ನಿಪ್ಪತ್ತು ಹೆಜ್ಜೆ ಬರಲ್ವಾ?”

ಹೆಡ್‌ಮೇಡಂಗೆ ಎದುರುತ್ತರ ಕೊಟ್ಟವರು ಕಡಿಮೆ. ಈಗ ಸರಿಯಾಗಿ ಬೀಳುತ್ತದೆ ಎಂದು ಸೊಸೆ ತಲೆ ತಗ್ಗಿಸಿದಳು. ಏನೂ ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಅತ್ತೆ ಅರ್ಧ ಹೆರೆದ ಆಲೂಗಡ್ಡೆಯನ್ನು ಸಿಪ್ಪೆಯ ರಾಶಿಯ ಮೇಲೆ ಇಟ್ಟುಬಿಟ್ಟಿದ್ದರು.

“ಮೂವತ್ನಾಲ್ಕು ವರ್ಷ ಹಾಜರಿ ತಗೊಂಡವಳು ನಾನು,” ಎಂದರು. “ಅವತ್ತೊಂದು ದಿನ ತಗೊಳ್ಳಲಿಲ್ಲ. ಹೊಗೆ ತುಂಬಿತ್ತು. ಎಲ್ಲಾ ಬಂದ್ವು ಅಂದ್ಕೊಂಡೆ. ಬಂದವು ಮತ್ತೆ ಒಳಗೇ ನುಗ್ತಾ ಇದ್ವು, ನುಗ್ಗಬಾರದು ಅಂತ ಬಾಗಿಲು ಹಾಕಿ ಚಿಲಕ ಇಟ್ಟೆ. ಹಳ್ಳಕ್ಕೆ ಬಂದು ಎಣಿಸಿದ್ರೆ ಹನ್ನೊಂದು. ಮುದುಕಿ ಹಟ ಮಾಡ್ಲಿಲ್ಲ ಕಣೇ. ನಾನೇ ಅವಳನ್ನ ಒಳಗಿಟ್ಟು ಬಾಗಿಲು ಹಾಕಿದೆ.”

ಸೊಸೆಗೆ ಸಿಟ್ಟು ಬಂತು. ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾಟಲಿ ಹಿಡಿದು ತೊಡೆಯ ಮೇಲೆ ಸಾಕಿದ ಜೀವ ಅದು. ಎರಡೂವರೆ ತಿಂಗಳು ಒಂದೇ ಮನೆಯಲ್ಲಿದ್ದು ಇದನ್ನು ಮುಚ್ಚಿಟ್ಟರಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೋಳಿ ಹತ್ತಿರ ಬಂದರೂ ಹೆದರಿ ಕುರ್ಚಿಯ ಮೇಲೆ ಕಾಲೆತ್ತಿಕೊಳ್ಳುವ ಹೆಂಗಸು ಅವತ್ತು ಆ ಹೊಗೆಯೊಳಗೆ ನುಗ್ಗಿದ್ದರು, ತಾವು ಮೂಗು ಮುರಿಯುತ್ತಿದ್ದ ಪ್ರಾಣಿಗಳಿಗಾಗಿ. ಇಲ್ಲದಿದ್ದರೆ ಇವತ್ತು ಹಂಚಲಿಕ್ಕೂ ಒಂದು ಆಡು ಇರುತ್ತಿರಲಿಲ್ಲ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು, ಸಂಕಟ ಇಳಿಯಲಿಲ್ಲ.

“ಬಿಡಿ ಅತ್ತೆ,” ಎಂದಳು. “ನೀವು ಅಲ್ಲಿಗೆ ಹೋಗೋದು ಬೇಡ. ಆಡು ಹೋದ್ರೆ ಹೋಗ್ಲಿ.”

ಹೇಳುವುದೇನೋ ಹೇಳಿಬಿಟ್ಟಳು. ಸಂಜೆ ಹಾಲು ಕರೆಯಲು ಕೂತಾಗ ಕಣ್ಣೀರು ಬಕೆಟ್ಟಿಗೆ ಬೀಳದಂತೆ ಮುಖವನ್ನು ಒಂಬತ್ತನೇ ನಂಬರಿನ ಹೊಟ್ಟೆಗೆ ಒತ್ತಿ ಹಿಡಿದಳು. ಒಂಬತ್ತನೇ ನಂಬರಿಗೆ ಹಾಡು ಬೇಕಿತ್ತು, ಅಳುವಿಗೆ ಹಾಲಿಳಿಸುವ ಅಭ್ಯಾಸ ಅದಕ್ಕಿರಲಿಲ್ಲ. ಕೊನೆಗೆ ಮೂಗು ಎಳೆದುಕೊಳ್ಳುತ್ತಲೇ ಹಾಡಿದಳು.

ಭಾನುವಾರ ಡಾಕ್ಟರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ಹಿಂದೆ ಒಂದು ಖಾಲಿ ವ್ಯಾನು. ಕೆಟ್ಟವರೇನಲ್ಲ ಪಾಪ, ಸುಟ್ಟ ಊರೂರು ತಿರುಗಿ ಕಣ್ಣು ಕೆಂಪಾಗಿತ್ತು. ಕೊಟ್ಟಿಗೆ ನೋಡಿ ಗಡಿಯಾರದವನ ಕೆಲಸ ಎಂದು ಮೆಚ್ಚಿದರು. ಆಡುಗಳು ನಡುಮನೆಯ ಕಿಟಕಿಯಿಂದ ಇಣುಕುತ್ತಿದ್ದದ್ದನ್ನೂ ನೋಡಿದರು. ಗಂಡ ಇನ್ನೊಂದು ವಾರ ಕೊಡಿ, ಬಾಗಿಲು ಅಗಲ ಮಾಡುತ್ತೇನೆ ಎಂದು ಅಂಗಲಾಚಿದ. ನಾನು ಕೊಡಬಹುದು, ಮಳೆ ಕೊಡಬೇಕಲ್ಲ ಎಂದು ಅವರು ವ್ಯಾನಿನ ಹಿಂಬಾಗಿಲು ಇಳಿಸಲು ಡ್ರೈವರಿಗೆ ಹೇಳಿದರು. ಸೊಸೆ ಒಂದನೇ ನಂಬರಿನ ಕೊರಳಿಗೆ ಹಗ್ಗ ಹಾಕಲು ಹೋದಳು. ಗಂಟು ಬೀಳಲೇ ಇಲ್ಲ.

ಆಗ ಅತ್ತೆ ಹೊರಗೆ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಬಾಚಿ ಬಿಗಿದ ಕೂದಲು, ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನದ ಮುಖ. ಯಾರ ಕಡೆಗೂ ನೋಡದೆ ಅಂಗಳ ದಾಟಿ ನಡೆದರು. ಹಗ್ಗ ಕೊಡವಿಕೊಂಡು ಒಂದನೆಯದು ಹಿಂದೆ ಹೊರಟಿತು, ಅದರ ಹಿಂದೆ ಉಳಿದ ಹತ್ತು.

ಒಗೆಯುವ ಕಲ್ಲಿನ ಹತ್ತಿರ ಅತ್ತೆ ನಿಂತರು. ಸಾಲೂ ನಿಂತಿತು. ಎತ್ತಲೋ ನೋಡುತ್ತ ಬರುತ್ತಿದ್ದ ಏಳನೆಯದು ಮುಂದಿನವಳಿಗೆ ಡಿಕ್ಕಿ ಹೊಡೆಯಿತು. ಅತ್ತೆ ತಿರುಗದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿದರು.

“ಬಾರೇ,” ಎಂದರು. “ಕೈ ಹಿಡ್ಕೋ.”

ಸೊಸೆ ಓಡಿ ಹೋಗಿ ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಆ ಕೈಯನ್ನು ಅವಳು ಹಿಡಿದದ್ದು ಅದೇ ಮೊದಲು. ಬೆವರಿ ಒದ್ದೆಯಾಗಿತ್ತು. ಇಬ್ಬರೂ ಕಲ್ಲು ದಾಟಿದರು. ಹಿಂಡಿನ ಶಿಸ್ತಿನಲ್ಲಿ ಅತ್ತೆಯ ಪಕ್ಕದ ಜಾಗ ಒಂದನೇ ನಂಬರಿನದು. ಅಡ್ಡ ಬಂದ ಸೊಸೆಯ ತೊಡೆಗೆ ಅದು ಹಣೆಯಿಂದ ಎರಡು ಸಲ ಗುಮ್ಮಿತು, ಅವಳು ಕೈ ಬಿಡಲಿಲ್ಲ. ಬಾಗಿಲಲ್ಲಿ ಅತ್ತೆ ಆ ಓರೆ ಚಿಲಕವನ್ನು ಕಂಡು ತಡೆದು ನಿಂತರು. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋದರು. ನಾಲ್ಕೂ ಮೂಲೆಗೆ ಹೋಗಿ, ಒಂದೊಂದರಲ್ಲೂ ಬಗ್ಗಿ ನೋಡಿದರು. ಹೊಸ ಮರದ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಹನ್ನೊಂದೂ ಆಡುಗಳು ಹಿಂದೆಯೇ ನುಗ್ಗಿ, ನೂರು ವರ್ಷದಿಂದ ಇಲ್ಲೇ ಇದ್ದವರ ಹಾಗೆ ಗೋದಲಿಗೆ ಬಾಯಿ ಹಾಕಿದವು.

ಡಾಕ್ಟರಮ್ಮ ಕಾಗದಕ್ಕೆ ಸಹಿ ಹಾಕಿದರು. ವ್ಯಾನಿನ ಬಾಗಿಲು ಮೇಲೆ ಹೋಯಿತು. ಅತ್ತೆ ಸೊಸೆಯ ಕೈ ಹಿಡಿದುಕೊಂಡೇ ಗೆದ್ದ ಗತ್ತಿನಲ್ಲಿ ಹೊರಗೆ ಬಂದರು, ಹನ್ನೊಂದು ಆಡುಗಳೂ ಹೊರಗೆ ಬಂದವು. ಮತ್ತೆ ಒಳಗೆ ಹೋದರು, ಅವೂ ಹೋದವು. ಹೊರಗೆ, ಒಳಗೆ. ಮೂರನೇ ಸಲಕ್ಕೆ ಡ್ರೈವರು ತಡೆಯಲಾರದೆ ಬೆನ್ನು ತಿರುಗಿಸಿ ನಿಂತು ನಕ್ಕ. ಡಾಕ್ಟರಮ್ಮ ಮಾತ್ರ ಗಂಭೀರವಾಗಿ, ಜಾಗ ಒಗ್ಗುವವರೆಗೆ ಒಂದು ವಾರ ಹಗಲು ಹೊತ್ತು ಮೇಡಂ ಒಳಗೇ ಇರುವುದು ಒಳ್ಳೆಯದು ಎಂದರು. ಗಂಡ ಅಮ್ಮನಿಗೆ ತಕ್ಕ ಎತ್ತರದ ಕುರ್ಚಿ ಮಾಡಿಕೊಡುತ್ತೇನೆ ಎಂದು ಟೇಪು ಬಿಚ್ಚಿದ. ಅವನ ಕುರ್ಚಿ ಮುಗಿಯುವ ಹೊತ್ತಿಗೆ ಮರಿಗಳಿಗೆ ಮರಿಯಾಗಿರುತ್ತದೆ ಎಂದು ತಾಯಿಗೆ ಗೊತ್ತಿಲ್ಲವೇ. ಅತ್ತೆ ಒಂದು ಬಕೆಟ್ಟನ್ನು ಕವುಚಿ ಹಾಕಿ ಅದರ ಮೇಲೆ ಕೂತರು.

ಡಾಕ್ಟರಮ್ಮನಿಗೆ ಟೀ ಮಾಡಿಕೊಡು ಎಂದು ಗಂಡ ಹೆಂಡತಿಯನ್ನು ಕರೆದ. ಅವಳು ಹೊರಡಲು ನೋಡಿದರೆ ಅತ್ತೆ ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

“ಟೀ ಅವನೇ ಮಾಡ್ಲಿ,” ಎಂದರು. “ನೀನು ಇಲ್ಲೇ ಇರು. ಒಬ್ಬಳೇ ಕೂತ್ರೆ ನಂಗೆ ಭಯ ಆಗುತ್ತೆ.”

ಸೊಸೆ ಕಾಲಿನಿಂದ ಇನ್ನೊಂದು ಬಕೆಟ್ಟನ್ನು ಎಳೆದು ಕವುಚಿ, ಪಕ್ಕದಲ್ಲೇ ಕೂತಳು.