ಹೊಂಗೆ ಮರದ ಮಗ್ಗುಲಿಗೆ ಎಷ್ಟು ಡಾಂಬರು

ಅಳೆಯುವುದು ವೃಷಭೇಂದ್ರನ ಹೊಟ್ಟೆಪಾಡು. ಅಳುವುದು ಅವನ ಬಾಬತ್ತಲ್ಲ ಎಂದು ಗೆಟ್ಟವಾಡಿಯವರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ಕಂಟ್ರಾಕ್ಟರರಿಗೆ ಡಾಂಬರಿನ ಅಂದಾಜು ಹಾಕಿಕೊಡುವ ಕೆಲಸ ಅವನದು. ರಸ್ತೆಯ ಉದ್ದ ಅಗಲ ಸಿಕ್ಕಿದರೆ ಎಷ್ಟು ಪೀಪಾಯಿ ಬೇಕು ಎಂದು ಹೇಳುತ್ತಿದ್ದ. ಜೀರಹಳ್ಳಿ ಕಡೆ ಯಾರದಾದರೂ ತಾರಸಿ ಸೋರಿದರೆ ಏಣಿ ಹತ್ತಿ, ಬಿರುಕಿನ ಮೇಲೆ ಬೆರಳಾಡಿಸಿ, ಎಷ್ಟು ಡಬ್ಬ ಟಾರು ಬಳಿಯಬೇಕು, ಎಷ್ಟು ಹಾಳೆ ಹಾಸಬೇಕು ಎಂದು ಹೇಳಿ ಇಳಿಯುತ್ತಿದ್ದ. ಒಂದು ಕುಚೋದ್ಯವಾದರೂ ಆಡದೆ ಬಾಯಿ ಮುಚ್ಚಿದವನಲ್ಲ. ‘ಟಾರು ಕಮ್ಮಿ ಆದ್ರೆ ತಕರಾರು ಜಾಸ್ತಿ ಕಣಪ್ಪ’ ಎನ್ನುವುದು ಅವನ ಮಾಮೂಲಿ ಮಾತು.

ಅಂಥವನು ಒಂದು ವಾರದಿಂದ ಸಪ್ಪಗಿದ್ದ. ಅವನ ಊರಿನ ರಸ್ತೆಯೇ ಅಗಲವಾಗುತ್ತಿತ್ತು. ಎರಡೂ ಬದಿಯ ಮಣ್ಣು ಕೆರೆದು, ಜಲ್ಲಿ ಹಾಸಿ, ಹಳೆಯದು ಹೊಸದು ಎರಡನ್ನೂ ಸೇರಿಸಿ ಮೇಲೊಂದು ಡಾಂಬರಿನ ಹೊದಿಕೆ. ಊರ ಬಾಗಿಲಿನಿಂದ ಅಳೆಯುತ್ತ ಬಂದವನು ತನ್ನ ಸ್ವಂತ ಹೊಲದ ಬದು ಬಂದಾಗಲೆಲ್ಲ ಟೇಪು ಸುತ್ತಿಕೊಂಡು ಹಿಂದಿರುಗಿಬಿಡುತ್ತಿದ್ದ. ಅಷ್ಟು ತುಂಡು ಮಾತ್ರ ಉಳಿದಿತ್ತು.

ಆ ಬದುವಿನಲ್ಲಿ, ಹೊಂಗೆ ಮರದ ಮಗ್ಗುಲಿಗೆ, ಅವನ ಮೊದಲ ಮಗು ಇತ್ತು.

ಹೆಸರಿಡುವ ಮುಂಚೆಯೇ ಹೋದ ಗಂಡು ಕೂಸು. ಅವರ ಪೈಕಿ ದೊಡ್ಡವರು ಸತ್ತರೆ ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ, ಗದ್ದುಗೆ ಕಟ್ಟುತ್ತಾರೆ, ವರ್ಷಕ್ಕೊಮ್ಮೆ ಹೂವಿಡುತ್ತಾರೆ. ಎಳೆಗೂಸಿಗೆ ಅದಾವುದೂ ಇಲ್ಲ. ಗಂಡಸರೇ ಒಯ್ದು ಹೂತು ಬರುತ್ತಾರೆ; ಕಲ್ಲಿಲ್ಲ, ಗುರುತಿಲ್ಲ. ತಾಯಿಗೆ ಜಾಗ ಹೇಳುವಂತಿಲ್ಲ. ಹೇಳಿದರೆ ಅವಳು ಅಲ್ಲೇ ಹೋಗಿ ಕೂತುಬಿಡುತ್ತಾಳೆ, ಮನೆಯ ಕಡೆ ಮುಖ ಮಾಡುವುದಿಲ್ಲ ಎನ್ನುವುದು ಹಿರಿಯರ ವಾದ. ವೃಷಭೇಂದ್ರನ ಅಪ್ಪ ಗುರುಮಲ್ಲಪ್ಪ ಅಂದು ಮಗನಿಂದ ಭಾಷೆ ತೆಗೆದುಕೊಂಡಿದ್ದ. ಹೆಂಡತಿ ಮಂಗಳಗೌರಿ ಬಾಣಂತಿ ಕೋಣೆಯ ಕತ್ತಲಿನಿಂದ ‘ಎಲ್ಲಿ ಮಡುಗುದ್ರಿ?’ ಎಂದು ಕೇಳಿದಾಗ ಅವನು ಏನೋ ಗೊಣಗಿ ಹೊರಗೆ ಹೋಗಿದ್ದ.

ಆಮೇಲೆ ಸ್ಪಂದನ ಹುಟ್ಟಿದಳು, ಬೆಳೆದಳು, ಈಗ ಚಾಮರಾಜನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮಂಗಳಗೌರಿ ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸೊಪ್ಪು ಬಿಡಿಸುವಾಗ, ಹಾಲು ಕರೆದು ಬರುವಾಗ, ಯಾವ ಪೀಠಿಕೆಯೂ ಇಲ್ಲದೆ, ಉಪ್ಪೆಲ್ಲಿ ಎಂದು ಕೇಳುವ ಧ್ವನಿಯಲ್ಲಿ ‘ಎಲ್ಲಿ ಅಂತ ಯೋಳ್ಬಾರ್ದಾ?’ ಎನ್ನುವಳು. ಅವನು ಯಾರದೋ ದನಿ ಅಣಕಿಸಿ ನಗಿಸಲು ನೋಡುವನು. ಅವಳು ನಗುವಳು. ನಕ್ಕು ಸುಮ್ಮನಾಗುವಳು.

ಈ ದಿನ ಬೆಳಿಗ್ಗೆ ರಸ್ತೆ ಕೆಲಸದ ತಮಿಳು ಇಂಜಿನಿಯರ್ ಫೋನು ಮಾಡಿದ್ದ. ‘ಎನ್ನಪ್ಪಾ, ನಾಳೈಕ್ಕು ಜೆಸಿಬಿ ವರುದು. ಅಂದ ಒರು ತುಂಡುಕ್ಕು ಎವ್ವಳವು ತಾರು? ಸಾಯಂಗಾಲಂ ಸೊಲ್ಲಿಡು.’ ನಾಳೆ ಯಂತ್ರ ಬಂದು ಬದು ಕೆರೆಯುತ್ತದೆ. ಉಳಿದ ತುಂಡಿನ ಡಾಂಬರಿನ ಲೆಕ್ಕ ಸಂಜೆಯೊಳಗೆ ಬೇಕು. ವೃಷಭೇಂದ್ರ ಫೋನನ್ನು ಕಿಸೆಗಿಟ್ಟು ಬಹಳ ಹೊತ್ತು ಜಗಲಿಯ ಮೇಲೆ ಕೂತ. ತೆಗೆದು ಬೇರೆ ಕಡೆ ಇಡೋಣವೆಂದರೆ ಅಂಥ ಎಳೆಗೂಸಿನದು ಇಷ್ಟು ವರ್ಷದ ಮೇಲೆ ಉಳಿದಿರುವುದಾದರೂ ಏನು? ಮಣ್ಣಿನಲ್ಲಿ ಮಣ್ಣು. ಆದರೆ ಇವತ್ತು ಹೇಳದಿದ್ದರೆ ನಾಳೆ ಅವಳಿಗೆ ತೋರಿಸುವುದಕ್ಕೆ ಆ ಮಣ್ಣೂ ಇರುವುದಿಲ್ಲ.

‘ಗೌರಿ, ಟೇಪ್ ಇಡ್ಕಳಕ್ಕೆ ಒಬ್ರು ಬೇಕು ಕಣಮ್ಮಿ. ಬಂದೀಯಾ?’

‘ನಿಮ್ ಆಳೆಲ್ಲಿ ಓದ?’

‘ಅವ್ನಿಗೆ ಇವತ್ತು ರಜ.’

‘ಆಳ್ಗೆ ರಜ, ಎಂಡ್ರುಗೆ ಬಿಟ್ಟಿ ಕೂಲಿ. ಚೆಂದಾಗದೆ ನಿಮ್ ಕಂಪ್ನಿ.’ ಸೆರಗಿಗೆ ಕೈ ಒರೆಸಿಕೊಂಡು ಅವಳು ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಅವನು ಬಾಯಿ ಮುಚ್ಚಲಿಲ್ಲ. ಇಂಜಿನಿಯರ್ ಮೂಗಿನಲ್ಲಿ ತಮಿಳು ಮಾತಾಡಿದ್ದನ್ನು ಮಾಡಿ ತೋರಿಸಿದ. ತಾಳಮಲೆ ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ಕನ್ನಡ, ತಮಿಳು ಎರಡರಲ್ಲೂ ಬೈಯುವುದನ್ನು ಮಾಡಿದ. ರೋಡ್ ರೋಲರು ಹಿಂದಕ್ಕೆ ಬರುವಾಗ ನರಳುವುದನ್ನೂ ಬಿಡಲಿಲ್ಲ. ಮಂಗಳಗೌರಿ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಇದ್ದಕ್ಕಿದ್ದಂತೆ ಅವನ ಮುಖ ನೋಡಿದಳು.

‘ಏನೋ ಮುಚ್ಚಿಕ್ಕಂಡಿದ್ದೀರಿ. ಇಲ್ದೆ ಓದ್ರೆ ಇಷ್ಟು ಆಡೋರಲ್ಲ ನೀವು.’

ಬದು ಬಂದಿತ್ತು.

ಟೇಪಿನ ತುದಿ ಕೊಟ್ಟು ಹೊಂಗೆ ಮರದ ಹತ್ತಿರ ನಿಲ್ಲಲು ಹೇಳಿದ. ಅವಳು ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು. ಅವನು ರಸ್ತೆಯ ಅಂಚಿಗೆ ಸರಿದು ಟೇಪು ಎಳೆದ. ಟೇಪು ಗಾಳಿಗೆ ಪಟಪಟ ಎಂದಿತು.

‘ಎಷ್ಟು?’

ಅವನು ಟೇಪಿನ ಅಂಕಿ ಬಿಟ್ಟು ಅವಳು ಕೂತ ನೆಲವನ್ನೇ ನೋಡುತ್ತಿದ್ದ.

‘ಎಷ್ಟ್ರೀ? ಕನ್ನಡ್ಕ ಮರ್ತು ಬಂದ್ರಾ?’

‘ಗೌರಿ, ನೀನು ಕೂತಿದ್ದೀಯಲ್ಲ…’

‘ಊಂ?’

‘ಅಲ್ಲೇ ಕಣಮ್ಮಿ. ಅಲ್ಲೇ ಮಡುಗಿದ್ದು.’

ಏನನ್ನು ಎಂದು ಅವಳು ಕೇಳಲಿಲ್ಲ. ಟೇಪಿನ ತುದಿ ಅವಳ ಬೆರಳಡಿಯಿಂದ ಜಾರಿ, ಸುಂಯ್ ಎಂದು ಓಡಿಬಂದು ಅವನ ಕೈಯ ಡಬ್ಬಿಯೊಳಗೆ ಸೇರಿಕೊಂಡಿತು. ಅವಳು ಎದ್ದು, ಮಲಗಿರುವವರನ್ನು ತುಳಿದುಬಿಟ್ಟೆನೇನೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟಳು. ಮತ್ತೆ ಬಂದು ಕೂತು ಅಂಗೈಯನ್ನು ಮಣ್ಣಿನ ಮೇಲಿಟ್ಟಳು.

‘ಇಷ್ಟು ಅತ್ರ,’ ಎಂದಳು. ‘ಮನೆಯಿಂದ ಕೂಗುದ್ರೆ ಕೇಳ್ತದೆ.’

ವೃಷಭೇಂದ್ರ ರಸ್ತೆ ದಾಟಿ ಬಂದು ಅವಳ ಪಕ್ಕ ಕೂತ.

‘ಏನು ಸುತ್ತಿದ್ರಿ?’

‘ನಿನ್ನ ಅಳೇ ಸೀರೆ. ಅಸುರುದು.’

‘ಅದಾ? ಎಷ್ಟು ಉಡುಕುದ್ನೋ ಅದ್ನ.’ ಅಂಗೈಯಿಂದ ಮಣ್ಣು ಸವರಿ, ‘ತಲೆ ಯಾವ ಕಡೀಕೆ?’ ಎಂದಳು.

‘ಗೊತ್ತಿಲ್ಲ ಕಣಮ್ಮಿ. ಅಪ್ಪನೇ ಮಡುಗಿದ್ದು. ನಾನು ಆ ಕಡೀಕೆ ತಿರುಕ್ಕಂಡು ನಿಂತಿದ್ದೆ.’

ನಾಳೆ ಯಂತ್ರ ಬರುತ್ತದೆ ಎನ್ನುವುದನ್ನೂ ಅವನು ಹೇಳಿದ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು. ಅಂಗೈಯನ್ನು ಮಾತ್ರ ಇನ್ನಷ್ಟು ಅಗಲಿಸಿ, ಎಷ್ಟು ಮಣ್ಣನ್ನು ಮುಚ್ಚಬಹುದೋ ಅಷ್ಟನ್ನು ಮುಚ್ಚಿದಳು.

ಗುರುಮಲ್ಲಪ್ಪ ಹಸು ಹೊಡೆದುಕೊಂಡು ಬಂದದ್ದು ಆಗ. ವಯಸ್ಸಾದರೂ ಕೋಲು ಹಸುವಿಗೇ ಹೊರತು ತನಗಲ್ಲ ಎನ್ನುವ ಜಾತಿಯ ಮುದುಕ. ಸೊಸೆ ನೆಲದ ಮೇಲೆ ಕೂತಿದ್ದನ್ನೂ ಅವಳ ಬರಿಗಾಲನ್ನೂ ನೋಡಿದ್ದೇ ತಡ, ಎಲ್ಲ ತಿಳಿದುಹೋಯಿತು.

‘ಯೋಳ್ಬುಟ್ಟೇನ್ಲಾ?’

‘ಯೋಳ್ದೆ ಕಣಪ್ಪ. ನಾಳೀಕೆ ಜೆಸಿಬಿ ಬತ್ತದೆ. ಇನ್ಯಾವಾಗ ಯೋಳ್ಲಿ?’

ಬೈಗುಳ ಬರುತ್ತದೆ ಎಂದು ವೃಷಭೇಂದ್ರ ಕಾದ. ಬರಲಿಲ್ಲ. ಮುದುಕ ಸೊಸೆಯ ಅಂಗೈಯನ್ನೇ ನೋಡುತ್ತಿದ್ದ.

‘ಎದ್ದೇಳವ್ವ,’ ಎಂದ. ‘ಅಲ್ಲಲ್ಲ ಕಣವ್ವ.’

‘ಏನಪ್ಪ ಅಲ್ಲ?’

‘ಜಾಗ ಕಣ್ಲಾ. ಈ ಮರ ಆಮ್ಯಾಕ ಉಟ್ಟಿದ್ದು. ಆಗಿದ್ದ ಒಂಗೆ ಮರ ಅಲ್ಲಿತ್ತು.’ ಕೋಲು ರಸ್ತೆಯ ನಡುಮಧ್ಯವನ್ನು ತೋರಿಸಿತು. ‘ಮೊದ್ಲು ರೋಡು ಸುತ್ತಾಕಂಡು ಓಗ್ತಿತ್ತಲ್ಲ, ಟಾರು ಆಕುವಾಗ ನೆಟ್ಟಗೆ ಮಾಡ್ತೀವಿ ಅಂತ ಮರ ಕಡುದ್ರು. ನೀನು ಆಗ ಸತ್ಯಮಂಗಲದಲ್ಲಿ ಕೆಲ್ಸಕ್ಕಿದ್ದೆ. ಬರೋ ಒತ್ತಿಗೆ ಎಲ್ಲ ಮುಗ್ದೋಗಿತ್ತು.’

‘ನಂಗಾದ್ರೂ ಯೋಳ್ಬಾರ್ದಾಗಿತ್ತಾ?’

‘ಏನಂತ ಯೋಳ್ಲಿ? ಟಾರು ಉಯ್ಯಾ ದಿನ ಇಲ್ಲೇ ನಿಂತಿದ್ದೆ, ಉಣ್ಣಕ್ಕೂ ಓಗ್ನಿಲ್ಲ. ಅಣ್ಣಾ, ಇಲ್ಲಿ ಒಂದ್ ಡಬ್ಬ ಜಾಸ್ತಿ ಉಯ್ರಪ್ಪ ಅಂತ ಕೈ ಮುಗ್ದೆ. ಮುದುಕಂಗೆ ತಲೆ ಕೆಟ್ಟದೆ ಅಂತ ನಗಾಡ್ಕಂಡು ಉಯ್ದ್ರು.’

ಮೂವರೂ ರಸ್ತೆಯ ನಡುವನ್ನು ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಹಾಲಿನ ವ್ಯಾನು ದಿನಾ ಹೋಗುವುದು ಅದರ ಮೇಲೆಯೇ. ಸ್ಪಂದನಳ ಬಸ್ಸೂ ಅದರ ಮೇಲೆಯೇ. ಅವನ ಬೈಕು ಎಷ್ಟು ಸಲ, ಎಷ್ಟು ಜೋಕುಗಳ ಜೊತೆ ಅದರ ಮೇಲೆ ಹಾದುಹೋಗಿತ್ತೋ.

ಮಂಗಳಗೌರಿ ಎದ್ದಳು. ಕೈಯ ಮಣ್ಣು ಕೊಡವಲಿಲ್ಲ. ಡಾಂಬರಿನ ಅಂಚಿನವರೆಗೆ ಹೋಗಿ ನಿಂತಳು.

‘ಅಂಗಾರೆ ಮಾವ… ಅಂಗಾರೆ ಕೂಸು ಇಷ್ಟು ವರ್ಸ ನೆಂದಿಲ್ವಾ?’

ಅವಳು ಬಗ್ಗಿ ಡಾಂಬರಿನ ಅಂಚನ್ನು ಅಂಗೈಯಿಂದ ಮುಟ್ಟಿ ನೋಡಿದಳು.

‘ಮಳೆ ಉಯ್ದಾಗ್ಲೆಲ್ಲ ಅದೇ ಗ್ಯಾನ ನಂಗೆ. ಕೊಟ್ಟಿಗೇಲಿ ಕರಿ ಅಸೂಗೂ ಗೋಣಿ ಒದ್ದಿಸ್ಬುಟ್ಟು ಬರ್ತೀನಿ. ಇದೆಲ್ಲಿ ನೆನೀತಾ ಬಿದ್ದದೋ ಅನ್ಕಂಡು ಕೂತ್ಕತಿದ್ದೆ. ಎಲ್ಲಿ ಅಂತ ಗೊತ್ತಿದ್ರೆ ಒಂದು ಕಲ್ಲಾದ್ರೂ ಮುಚ್ಬುಟ್ಟು ಬರ್ತಿದ್ದೆ.’

‘ಒಂದ್ ತೊಟ್ಟೂ ಇಳ್ದಿಲ್ಲ ಕಣವ್ವ,’ ಎಂದ ಗುರುಮಲ್ಲಪ್ಪ. ‘ಒಂದ್ ಡಬ್ಬ ಜಾಸ್ತಿನೇ ಉಯ್ಸಿವ್ನಿ.’

ಅವಳು ಮಾವನ ಕಡೆ ತಿರುಗಲಿಲ್ಲ. ಗಂಡನನ್ನು ನೋಡಿದಳು. ‘ನೀವು ಯೋಳಿ.’

ವೃಷಭೇಂದ್ರ ರಸ್ತೆಯನ್ನು ನೋಡಿದ. ಹಳೆಯ ಡಾಂಬರು ಬೆಳ್ಳಗಾಗಿ ಮೊಸಳೆಯ ಬೆನ್ನಿನಂತೆ ಒಡೆದಿತ್ತು. ಕೆಲವು ಬಿರುಕುಗಳಲ್ಲಿ ಹುಲ್ಲು. ಹುಲ್ಲು ಬಂದ ಕಡೆ ನೀರು ಎಂದೋ ಇಳಿದಿದೆ ಎಂದು ಎಷ್ಟು ತಾರಸಿಗಳ ಮೇಲೆ ನಿಂತು ಅವನೇ ಹೇಳಿದ್ದ! ಇಳಿದಿಲ್ಲ ಎಂದುಬಿಟ್ಟರೆ ಮುಗಿಯಿತು. ಅಪ್ಪನೂ ಅದನ್ನೇ ಬೇಡುತ್ತಿದ್ದ, ಕೋಲು ಹಿಡಿದ ಕೈಯಿಂದ, ಒದ್ದೆ ಕಣ್ಣಿನಿಂದ. ಊರಲ್ಲಿರುವವರ ದನಿಯೆಲ್ಲ ಮಾಡಬಲ್ಲವನಿಗೆ ಇಷ್ಟು ಸಣ್ಣ ಸುಳ್ಳು ಕಷ್ಟವೇನಲ್ಲ. ಆದರೆ ಆ ಸುಳ್ಳನ್ನು ಯಾರ ದನಿಯಲ್ಲಿ ಹೇಳುವುದೆಂದು ಅವನಿಗೆ ತೋಚಲಿಲ್ಲ.

‘ಮೊದ್ಲು ಐದಾರು ವರ್ಸ ಇಳ್ದಿರಕ್ಕಿಲ್ಲ,’ ಎಂದ. ‘ಆಮ್ಯಾಕ ಬಿರುಕು ಬುಟ್ಟದೆ. ಆಮ್ಯಾಕ ಇಳ್ದದೆ, ಗೌರಿ. ನೆಂದದೆ.’

ಗುರುಮಲ್ಲಪ್ಪ ಬದುವಿನ ಮೇಲೆ ಕುಸಿದು ಕೂತು ತಲೆಗೆ ಸುತ್ತಿದ್ದ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಹಸು ತನ್ನ ಪಾಡಿಗೆ ಹೊಂಗೆಯ ಎಲೆ ಮೂಸಿ, ಬೇಡವೆಂದು ಮುಂದೆ ಹೋಯಿತು.

ಮಂಗಳಗೌರಿ ಒಮ್ಮೆ ತಲೆಯಾಡಿಸಿದಳು. ಕೇಳಿದ್ದಕ್ಕೆ ಕೊನೆಗೂ ಉತ್ತರ ಸಿಕ್ಕವರು ಆಡಿಸುವ ಹಾಗೆ. ಆಮೇಲೆ ಡಾಂಬರಿನ ಅಂಚಿನಲ್ಲೇ ಕೂತು, ಸದ್ದಿಲ್ಲದೆ, ಮೈಯೆಲ್ಲ ಅಲುಗಿಸಿ ಅತ್ತಳು. ವೃಷಭೇಂದ್ರನಿಗೆ ಅವಳನ್ನು ಮುಟ್ಟಬೇಕು ಅನ್ನಿಸಿತು. ಮುಟ್ಟಿದ. ಅವಳು ಕೈ ಸರಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು ಕೇಳಿದಳು: ‘ಈ ಸಲ ನಡುಮಧ್ಯಕ್ಕೂ ಓಸ ಟಾರು ಬತ್ತದಾ?’

‘ಬತ್ತದೆ. ಅಗ್ಲುದ್ದಕ್ಕೂ.’

‘ಎಷ್ಟು ವರ್ಸ ತಡೀತದೆ?’

‘ಚೆಂದಾಗಿ ಆಕುದ್ರೆ ಐದಾರು ವರ್ಸ.’

‘ಸರಿ. ಆಮ್ಯಾಕ ಬಿರುಕು ಬುಟ್ರೆ ನಂಗೆ ಯೋಳಿ. ನಗಿಸ್ಕಂಡು ತಿರುಗ್ಬ್ಯಾಡಿ.’

‘ಯೋಳ್ತೀನಿ.’

ಅವಳು ಟೇಪಿನ ತುದಿ ಎಳೆದುಕೊಂಡು, ಬರಿಗಾಲಿನಲ್ಲೇ, ನಡುವಿನ ಆ ಜಾಗವನ್ನು ಬಳಸಿ, ರಸ್ತೆಯ ಆಚೆ ಬದಿಗೆ ಹೋಗಿ ಕೂತಳು. ಅವನು ಈಚೆ ಬದಿಯಿಂದ ಬಗ್ಗಿ ಅಗಲ ಓದಿದ. ದನಿ ಒಡೆಯಿತು.

‘ಕೇಳ್ನಿಲ್ಲ,’ ಎಂದಳು ಅವಳು. ‘ಗಟ್ಯಾಗಿ ಯೋಳಿ.’