ರೊಟ್ಟಿ ಒಯ್ಯಲು ಬರುತ್ತಿದ್ದ ಮೇಡಂ

ಕಾಮಾಕ್ಷಿಪಾಳ್ಯದ ಆ ವಠಾರದಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎನ್ನುವುದೂ ಎಲ್ಲರಿಗೂ ಗೊತ್ತಿರುತ್ತಿತ್ತು. ಅಂಥ ಕಡೆ ಭಾಗವ್ವ ಒಂದು ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದಳು.

ಗುಟ್ಟೆಂದರೆ ಮಗಳು ಸುವರ್ಣಾ. ಬಿಕಾಂ ಸೇರಿದ ವರ್ಷವೇ ತಲೆನೋವೆಂದು ಮಲಗಿದವಳು ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುವುದು, ಕರೆದರೆ ಹೂಂ ಅನ್ನದಿರುವುದು, ತಲೆ ಬಾಚಲು ಹೋದರೆ ಕಣ್ಣೀರು ಸುರಿಸುವುದು. ಯಾವನಾದರೂ ಹುಡುಗ ಕೈಕೊಟ್ಟನೇನೋ ಎಂದು ಭಾಗವ್ವ ಕೇಳಿ ನೋಡಿದಳು, ಬೈದು ನೋಡಿದಳು, ಊರಿನಿಂದ ವಿಭೂತಿ ತರಿಸಿ ಹಚ್ಚಿಯೂ ನೋಡಿದಳು. ಲೇತ್ ಮಷಿನ್ನಿನ ಶೆಡ್ಡಿನಲ್ಲಿ ದುಡಿಯುವ ಗಂಡ ಗೂಳಪ್ಪನದು ಒಂದೇ ಮಾತು. ಏನು ಬೇಕಾದರೂ ಮಾಡಿಕೋ, ಮಂದಿಗೆ ಗೊತ್ತಾಗಬಾರದು. ಗೊತ್ತಾದ ಮರುದಿನವೇ ನಮ್ಮೂರು ಸಿಂದಗಿಗೆ ಕರೆದೊಯ್ದು ಅಕ್ಕನ ಮಗನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ.

ಆಗಲೇ ಕಾಲೇಜಿನವರು ಸುದ್ದಿ ಮುಟ್ಟಿಸಿದ್ದರಿಂದ ಜಗದಾಂಬಾ ಬಂದರು. ಬಸವೇಶ್ವರನಗರದ ಒಂದು ಸಂಸ್ಥೆಯವರು. ಮನಸ್ಸು ಕುಗ್ಗಿದ ಹುಡುಗ ಹುಡುಗಿಯರನ್ನು ಮನೆಗೇ ಹೋಗಿ ಮಾತಾಡಿಸುವುದು, ಬೇಕಾದರೆ ಡಾಕ್ಟರ ಹತ್ತಿರ ಕರೆದೊಯ್ಯುವುದು ಅವರ ಕೆಲಸ. ಬಿಳೀ ಕೂದಲು, ಹೆಗಲಲ್ಲಿ ಸಂಸ್ಥೆಯ ಹೆಸರು ಬರೆದ ಚೀಲ. ಆ ಚೀಲ ಕಂಡದ್ದೇ ಭಾಗವ್ವ ಬಾಗಿಲು ಮುಂದೆ ಮಾಡಿದಳು.

“ಮೇಡಮ್ಮಾರ, ಆ ಚೀಲಾ ಹಿಡ್ಕೊಂಡು ಬರಬ್ಯಾಡ್ರಿ. ಓನರಮ್ಮಗ ಗೊತ್ತಾದ್ರ ಮನಿ ಬಿಡಿಸ್ತಾಳ. ನಮ್ಮನಿಯವ್ರು ಹುಡುಗೀನ ಬಸ್ ಹತ್ತಿಸಿಬಿಡ್ತಾರ.”

ಅದು ಬರೀ ಹೆದರಿಕೆಯಲ್ಲ. ಮಹಡಿಯ ಮೇಲೆ ಮಗ ಕಿಟ್ಟಿಯೊಡನೆ ಇದ್ದ ಓನರ್ ವತ್ಸಲಾ, ಮೂಲೆಮನೆಯ ಹುಡುಗನಿಗೆ ಮೂರ್ಛೆ ಬರುತ್ತದೆಂದು ತಿಳಿದದ್ದೇ ಆ ಸಂಸಾರವನ್ನೇ ಖಾಲಿ ಮಾಡಿಸಿದ್ದವರು.

ಜಗದಾಂಬಾ ಒಲೆಯ ಪಕ್ಕದ ಬುಟ್ಟಿ ನೋಡಿದರು. ಭಾಗವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು.

“ಹಾಗಾದ್ರೆ ನಾನು ರೊಟ್ಟಿ ಗಿರಾಕಿ. ಗುರುವಾರ ಗುರುವಾರ ಬರ್ತೀನಿ. ಬಿಸಿದೇ ಬೇಕು, ನೀವು ಬಡಿಯೋವರೆಗೂ ಕೂತಿರ್ತೀನಿ.”

ಅಂದಿನಿಂದ ಅವರ ಕೈಯಲ್ಲಿ ವೈರ್ ಬುಟ್ಟಿ. ಮೊದಮೊದಲು ಸುವರ್ಣಾ ಈಚೆ ತಿರುಗಲೇ ಇಲ್ಲ. ಜಗದಾಂಬಾ ಏನೂ ಕೇಳಲೂ ಇಲ್ಲ. ಒಮ್ಮೆ ತಾವೇ ಹಿಟ್ಟು ತೆಗೆದುಕೊಂಡು ಬಡಿಯಲು ಕೂತರು. ರೊಟ್ಟಿ ಮೂರು ಕಡೆ ಹರಿಯಿತು. ಮಲಗಿದ್ದ ಹುಡುಗಿ ಅದನ್ನು ನೋಡಲಾರದೆ ಎದ್ದು ಬಂದು ಹಿಟ್ಟನ್ನು ಕೈಯಿಂದ ಕಸಿದುಕೊಂಡಳು. ಮಾತು ಶುರುವಾದದ್ದು ಅಲ್ಲಿಂದ.

ಗೋಡೆಗಳು ತೆಳು. ಮಗಳು ಬಾಯಿ ಬಿಟ್ಟಾಗಲೆಲ್ಲ ಭಾಗವ್ವ ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದಳು. ಹುಡುಗಿ ಅತ್ತರೆ ಇನ್ನೂ ಜೋರು. ಆ ಸದ್ದಿನ ಮರೆಯಲ್ಲೇ ಭಾಗವ್ವ ಎಲ್ಲ ಕೇಳಿಸಿಕೊಂಡಳು. ಹುಡುಗ ಗಿಡುಗ ಯಾರೂ ಇರಲಿಲ್ಲ. ಕ್ಲಾಸಿನ ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ಬಾಯಿ ತೆರೆದರೆ ಅವಳ ಊರಿನ ಮಾತನ್ನು ಅಣಕಿಸಿ ನಗುತ್ತಿದ್ದರು. ಬರಬರುತ್ತ ನಿದ್ದೆ ಹೋಯಿತು, ಹಸಿವು ಹೋಯಿತು, ಬೆಳಿಗ್ಗೆ ಏಳದೇ ಹೋದರೆ ಸಾಕು ಅನ್ನಿಸತೊಡಗಿತು. ಆ ಮಾತಿಗೆ ಭಾಗವ್ವನ ಕೈ ನಿಂತೇಹೋಯಿತು. ನಿಲ್ಲಿಸಬೇಡಿ, ಬಡಿಯುತ್ತಿರಿ ಎಂದು ಜಗದಾಂಬಾ ಕಣ್ಣಲ್ಲೇ ಹೇಳಿದರು.

ಇದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ, ಇದೂ ಒಂದು ಕಾಯಿಲೆ, ಗುಣವಾಗುತ್ತದೆ ಎಂದು ಬಿಡಿಸಿ ಹೇಳಿ ಅದೇ ವಾರ ಡಾಕ್ಟರ ಹತ್ತಿರ ಕರೆದೊಯ್ದರು. ವಠಾರದವರಿಗೆ ಯಶವಂತಪುರಕ್ಕೆ ಜೋಳ ತರಲು ಎಂದಾಯಿತು. ಮಾತ್ರೆ ನಡೆಯಿತು, ಗುರುವಾರದ ಮಾತೂ ನಡೆಯಿತು. ಒಂದು ದಿನ ಸುವರ್ಣಾ ತಾನಾಗಿ ತಲೆ ಬಾಚಿಕೊಂಡಳು.

ಹೀಗಿರುವಾಗ ಒಂದು ಗುರುವಾರ, ಜಗದಾಂಬಾ ಹೋದ ಬೆನ್ನಿಗೇ ವತ್ಸಲಾ ಇಳಿದು ಬಂದು ಬಾಗಿಲಲ್ಲಿ ನಿಂತರು. ಶೆಡ್ಡಿನಲ್ಲಿ ಕರೆಂಟಿಲ್ಲದೆ ಗೂಳಪ್ಪನೂ ಮನೆಯಲ್ಲೇ ಇದ್ದ.

“ಭಾಗವ್ವ, ಆ ಬಿಳೀ ಕೂದಲಿನವರು ಯಾರು?”

“ರೊಟ್ಟಿ ಒಯ್ಯಾಕ ಬರ್ತಾರ್ರೀ.”

“ನಾಲ್ಕು ರೊಟ್ಟಿಗೆ ಅಷ್ಟು ಹೊತ್ತಾ?”

ಭಾಗವ್ವ ಬುಟ್ಟಿಯ ರೊಟ್ಟಿಗಳನ್ನು ಮತ್ತೆ ಎಣಿಸತೊಡಗಿದಳು. ಗೂಳಪ್ಪ ನೆಲ ನೋಡುತ್ತ ಕೂತ. ಅವಳಿಗೆ ಸಿಂದಗಿಯ ಬಸ್ಸು ಬಾಗಿಲಿಗೇ ಬಂದು ನಿಂತಂತಾಯಿತು. ವತ್ಸಲಾ ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

“ನಾನೂ ಹಪ್ಪಳ ಮಾಡ್ತೀನಿ. ಅವರು ತಗೋತಾರಾ, ಸ್ವಲ್ಪ ಕೇಳ್ತೀಯಾ?”

ಇವರು ಹಪ್ಪಳ ಒತ್ತಿದ್ದನ್ನು ವಠಾರ ಎಂದೂ ಕಂಡಿರಲಿಲ್ಲ. ಭಾಗವ್ವ ಮಿಕಮಿಕ ನೋಡಿದಳು. ವತ್ಸಲಾ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಮ್ಮ ಕಿಟ್ಟಿ ರೂಮ್ ಬಿಟ್ಟು ಆಚೆ ಬರ್ತಾ ಇಲ್ಲ ಕಣೇ. ತಟ್ಟೆ ಬಾಗಿಲ ಹತ್ರ ಇಟ್ಟು ಬರ್ತೀನಿ. ನಿನ್ನ ಮಗಳು ಹೆಂಗಿದ್ಲು ಅಂತ ಮೇಲಿಂದ ನೋಡಿದೀನಿ. ಈಗ ಹೆಂಗಿದಾಳೆ ಅಂತಾನೂ ನೋಡ್ತಾ ಇದೀನಿ.”

ಮೂಲೆಮನೆಯವರ ನೆನಪಾಗಿ ಭಾಗವ್ವನಿಗೆ ಒಂದು ಕ್ಷಣ ಸಿಟ್ಟೂ ಬಂತು. ರೂಢಿಬಿದ್ದ ಸುಳ್ಳೂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಲೆಯ ಮುಂದಿನಿಂದ ಸುವರ್ಣಾ ಎದ್ದಳು. ಕೈ ತುಂಬ ಹಿಟ್ಟು.

“ಹಪ್ಪಳ ಏನೂ ಬ್ಯಾಡ್ರಿ ಆಂಟಿ. ಅವ್ರು ನನ್ನ ನೋಡಾಕ ಬರೋದು. ನನಗ ಮನಸ್ಸಿಗೆ ಆರಾಮ ಇರಲಿಲ್ಲ, ಈಗ ಅಡ್ಡಿಯಿಲ್ಲ. ನಂಬರ್ ಕೊಡ್ತೀನಿ. ಮೊದಲ ಕಿಟ್ಟಿ ಅಣ್ಣನ್ನ ಒಂದು ಮಾತು ಕೇಳ್ರಿ.”

ಹೊರಗಿನವರೊಡನೆ ಅವಳು ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಭಾಗವ್ವ ಗಂಡನ ಕಡೆ ನೋಡಿದಳು. ಗೂಳಪ್ಪ ಮಗಳನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ತಾನು ಕೂತಿದ್ದ ಚಾಪೆಯನ್ನು ಝಾಡಿಸಿ ಹಾಸಿದ.

“ಕೂಡ್ರಿ ಅಮ್ಮಾರ. ಬಿಸಿ ರೊಟ್ಟಿ ತಿಂದು ಹೋಗ್ರಿ.”

ವತ್ಸಲಾ ಕೂತರು. ಕಿಟ್ಟಿಯ ವಿಷಯ ಹೇಳತೊಡಗಿದರು. ಭಾಗವ್ವ ಹಿಟ್ಟು ಮಿದ್ದು ಕಲ್ಲಿನ ಮೇಲೆ ದಬದಬ ಬಡಿಯಲು ಶುರುವಿಟ್ಟಳು. ಸುವರ್ಣಾ ಅವ್ವನ ಮೊಣಕೈ ಹಿಡಿದಳು.

“ಯವ್ವಾ, ಮೆಲ್ಲಗ ಬಡಿ. ಇನ್ನ ಯಾಕ ಅಷ್ಟು ಜೋರು?”

ಭಾಗವ್ವನಿಗೆ ನಗು ಬಂತು.